ಕಡಲಿಗಿಳಿದ ಅಂಚೆ ದಾರಿ

ಉತ್ತರ ಯುರೋಪಿನ ರಸ್ತೆ ನಕ್ಷೆಯಲ್ಲಿ ಇ18 ಎಂಬ ಹೆದ್ದಾರಿಯ ಮೇಲೆ ಬೆರಳಿಟ್ಟು ಪೂರ್ವಕ್ಕೆ ಸಾಗಿದರೆ ಅದು ನಾರ್ವೆಯ ಓಸ್ಲೊ ದಾಟಿ, ಸ್ವೀಡನ್ನಿನ ಸ್ಟಾಕ್‌ಹೋಮ್ ಬಳಸಿ, ಕಪೆಲ್‌ಶೇರ್ ಎಂಬ ಚಿಕ್ಕ ಬಂದರಿನಲ್ಲಿ ನೀರಿಗಿಳಿಯುತ್ತದೆ. ಆಚೆ ದಡದಲ್ಲಿ, ಫಿನ್‌ಲೆಂಡಿನ ತುರ್ಕು ಪಟ್ಟಣದ ಹತ್ತಿರ, ಅದೇ ಸಂಖ್ಯೆಯನ್ನು ಹೊತ್ತು ಮತ್ತೆ ನೆಲ ಹತ್ತಿ, ಹೆಲ್ಸಿಂಕಿಯ ಮೂಲಕ ರಷ್ಯಾದ ಕಡೆಗೆ ಹೊರಡುತ್ತದೆ. ನಡುವೆ ಇರುವುದು ಬಾಲ್ಟಿಕ್ ಸಮುದ್ರ, ಅದರ ಮಧ್ಯೆ ಚದುರಿಕೊಂಡ ಓಲಂಡ್ ದ್ವೀಪಗಳು. ನಕ್ಷೆ ಮಾಡಿದವರು ಆ ಕಡಲನ್ನೂ ರಸ್ತೆಯ ಲೆಕ್ಕಕ್ಕೇ ಸೇರಿಸಿದ್ದಾರೆ. ಹಾಗೆ ಸೇರಿಸಿದವರಲ್ಲಿ ಅವರು ಮೊದಲಿಗರೇನಲ್ಲ. ಇಲ್ಲಿನ ಕಡಲು ಸರ್ಕಾರಿ ದಾಖಲೆಯಲ್ಲಿ ದಾರಿಯಾಗಿ ನಾಲ್ಕು ಶತಮಾನಗಳೇ ಆಗುತ್ತ ಬಂದವು.

ಹ್ಯಾಂಬರ್ಗ್‌ನಿಂದ ಕಾರಿನಲ್ಲಿ ಹೊರಟು ಡೆನ್ಮಾರ್ಕ್, ಸ್ವೀಡನ್, ಫಿನ್‌ಲೆಂಡ್ ಸುತ್ತಬೇಕೆನ್ನುವವರು ಸಾಮಾನ್ಯವಾಗಿ ಮೊದಲು ಊರುಗಳನ್ನು ಆರಿಸುತ್ತಾರೆ. ಆಮೇಲೆ ತಂಗುವ ಜಾಗ, ಪೆಟ್ರೋಲಿನ ಖರ್ಚು, ದಿನಕ್ಕೆ ಎಷ್ಟು ಕಿಲೋಮೀಟರ್ ಎಂಬ ಲೆಕ್ಕ. ಫೆರಿಯ ಟಿಕೆಟ್ಟಿಗೆ ಕೊನೆಯ ಸರದಿ. ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡರೆ ಒಳ್ಳೆಯದು. ಹೋಟೆಲಿನ ದಿನ ಬದಲಿಸಬಹುದು, ರಸ್ತೆಯಲ್ಲಿ ತಡವಾದರೆ ವೇಗ ಹೆಚ್ಚಿಸಬಹುದು. ಹಡಗು ಮಾತ್ರ ಯಾರಿಗೂ ಕಾಯುವುದಿಲ್ಲ. ಅದರಲ್ಲೂ ಜುಲೈ ತಿಂಗಳಲ್ಲಿ, ಉತ್ತರದ ಜನರೆಲ್ಲ ರಜೆಯಲ್ಲಿರುವಾಗ, ಕಾರಿನ ಅಟ್ಟದಲ್ಲಿ ಜಾಗ ಬೇಗ ಮುಗಿಯುತ್ತದೆ. ಟಿಕೆಟ್ ಕೊಡುವವರು ವಾಹನದ ಉದ್ದ, ಎತ್ತರ ಕೇಳುತ್ತಾರೆ. ಮೇಲೆ ಸೈಕಲ್ ಕಟ್ಟಿದ್ದರೆ ಅದನ್ನೂ ಸೇರಿಸಿ ಹೇಳಬೇಕು.

ಟಿಕೆಟ್ಟಿನ ಜೊತೆ ವೇಳಾಪಟ್ಟಿಯೂ ಬರುತ್ತದೆ. ಅದನ್ನು ಗಮನವಿಟ್ಟು ಓದಿದವರಿಗೆ ಕೆಲವು ಸಂಗತಿಗಳು ವಿಚಿತ್ರವೆನಿಸುತ್ತವೆ. ಸ್ಟಾಕ್‌ಹೋಮ್‌ನಿಂದ ತುರ್ಕುವಿಗೆ ರಾತ್ರಿಯಿಡೀ ಸಾಗುವ ಹಡಗು ನಟ್ಟಿರುಳಲ್ಲಿ ಓಲಂಡಿನ ಲೊಂಗ್‌ನೆಸ್ ಎಂಬ ನಿರ್ಜನ ಧಕ್ಕೆಗೆ ಬಂದು, ಕೆಲವೇ ನಿಮಿಷ ನಿಂತು ಹೊರಡುತ್ತದೆ. ದ್ವೀಪದ ಗಡಿಯಾರ ಸ್ವೀಡನ್ನಿಗಿಂತ ಒಂದು ಗಂಟೆ ಮುಂದೆ. ದ್ವೀಪದವರ ಮಾತು ಸ್ವೀಡಿಷ್, ಬಾವುಟ ಅವರದೇ, ದೇಶ ಫಿನ್‌ಲೆಂಡ್. ಸ್ಟಾಕ್‌ಹೋಮ್ ನಗರದಿಂದಲೇ ಅಷ್ಟು ದೊಡ್ಡ ಹಡಗುಗಳು ಹೊರಡುವಾಗ, ನೂರು ಕಿಲೋಮೀಟರ್ ಉತ್ತರದ ಗ್ರಿಸ್ಲೆಹಾಮ್ನ್ ಎಂಬ ಹಳ್ಳಿಯಿಂದಲೂ ಒಂದು ಫೆರಿ ಎರಡು ಗಂಟೆಯಲ್ಲಿ ಓಲಂಡಿನ ಪಶ್ಚಿಮ ತುದಿಯಾದ ಎಕೆರೊ ಮುಟ್ಟುತ್ತದೆ. ಪಟ್ಟಿಯ ಇಂಥ ಒಂದೊಂದು ಸಾಲನ್ನೂ ಬೇರೆ ಬೇರೆ ಶತಮಾನದ ಅರಸರು, ಯುದ್ಧಗಳು, ಒಪ್ಪಂದಗಳು ಬರೆದಿವೆ.

ಎಲ್ಲದಕ್ಕಿಂತ ಹಳೆಯ ಸಾಲು ಗ್ರಿಸ್ಲೆಹಾಮ್ನ್‌ನದು.

17ನೆಯ ಶತಮಾನದಲ್ಲಿ ಫಿನ್‌ಲೆಂಡ್ ಸ್ವೀಡನ್ ರಾಜ್ಯದ ಭಾಗವಾಗಿತ್ತು. ಬಾಲ್ಟಿಕ್‌ನ ಆಚೆ ದಡದಲ್ಲೂ ಅದೇ ಅರಸೊತ್ತಿಗೆಯ ಆಳ್ವಿಕೆ. ಮೂವತ್ತು ವರ್ಷಗಳ ಯುದ್ಧ ನಡೆಯುತ್ತಿತ್ತು, ದೊರೆ ಗುಸ್ತಾವ್ ಅಡಾಲ್ಫ್ 1632ರಲ್ಲಿ ರಣರಂಗದಲ್ಲೇ ಮಡಿದಿದ್ದ, ರಾಣಿ ಕ್ರಿಸ್ಟಿನಾ ಇನ್ನೂ ಬಾಲಕಿ. ಅವಳ ಹೆಸರಿನಲ್ಲಿ ರಾಜ್ಯ ನಡೆಸುತ್ತಿದ್ದ ಆಕ್ಸೆಲ್ ಉಕ್ಸೆನ್‌ಶೆರ್ನನ ಆಡಳಿತಕ್ಕೆ ದೂರದ ಪ್ರಾಂತ್ಯಗಳ ಸುದ್ದಿ ಹೊತ್ತಿಗೆ ಸರಿಯಾಗಿ ಬೇಕಿತ್ತು. 1636ರಲ್ಲಿ ರಾಜ್ಯದ ಅಂಚೆ ವ್ಯವಸ್ಥೆಯ ಶಾಸನ ಹೊರಟಿತು. 1638ರಲ್ಲಿ ಸ್ಟಾಕ್‌ಹೋಮ್‌ನಿಂದ ತುರ್ಕುವಿನ ತನಕ ಅಂಚೆ ದಾರಿ ತೆರೆಯಿತು.

ಈ ದಾರಿಗೆ ಸರ್ಕಾರ ಹೊಸ ಹಡಗು ಕಟ್ಟಿಸಲಿಲ್ಲ, ನೌಕರರನ್ನೂ ನೇಮಿಸಲಿಲ್ಲ. ದಾರಿಯುದ್ದಕ್ಕೂ ಇಪ್ಪತ್ತು ಮೂವತ್ತು ಕಿಲೋಮೀಟರಿಗೊಬ್ಬ ರೈತನನ್ನು ಗೊತ್ತುಮಾಡಿ ಚೀಲ ಹೊರುವ ಹೊಣೆಯನ್ನು ಅವನ ಹೆಗಲಿಗೇರಿಸಿತು. ಬದಲಿಗೆ ಅವನಿಗೆ ಸೈನ್ಯದ ಕಡ್ಡಾಯ ಭರ್ತಿಯಿಂದ, ಪ್ರಯಾಣಿಸುವ ಅಧಿಕಾರಿಗಳಿಗೆ ಕುದುರೆ ಒದಗಿಸುವಂಥ ಬಿಟ್ಟಿ ಕೆಲಸಗಳಿಂದ ವಿನಾಯಿತಿ. ಗಂಡುಮಕ್ಕಳನ್ನು ಒಬ್ಬೊಬ್ಬರಾಗಿ ಯುದ್ಧ ನುಂಗುತ್ತಿದ್ದ ಕಾಲದಲ್ಲಿ ಆ ವಿನಾಯಿತಿಗೆ ಬಲು ಬೆಲೆ. ಚೀಲ ಕೈಗೆ ಬಂದ ಕೂಡಲೇ ಮನೆಯ ಆಳು ಕೊಂಬು ಊದುತ್ತ ಓಡಬೇಕು. ಸುಮಾರು ಹತ್ತು ಕಿಲೋಮೀಟರಿನ ಒಂದು ಸ್ವೀಡಿಷ್ ಮೈಲಿಗೆ ಎರಡು ಗಂಟೆ ಗಡುವು, ತಡವಾದರೆ ಸೆರೆ.

ಇದು ನೆಲದ ಮೇಲಿನ ಮಾತು. ಗ್ರಿಸ್ಲೆಹಾಮ್ನ್ ಮತ್ತು ಎಕೆರೊ ಸುತ್ತಿನ ರೈತರ ಪಾಲಿಗೆ ಬಂದದ್ದು ಕಡಲು. ಎರಡೂ ದಡಗಳ ನಡುವೆ ಸುಮಾರು ನಲವತ್ತು ಕಿಲೋಮೀಟರ್ ಬಯಲು ನೀರು. ಮರದ ತೆರೆದ ದೋಣಿ, ಗಾಳಿ ಒಲಿದರೆ ಹಾಯಿ, ಇಲ್ಲದಿದ್ದರೆ ಹುಟ್ಟು. ಎಕೆರೊದ ಪಶ್ಚಿಮಕ್ಕೆ ಸಿಗ್ನಿಲ್‌ಶೇರ್ ಎಂಬ ಬಂಡೆಗಳ ಪುಟ್ಟ ದ್ವೀಪ ಇದೆ. ಬಿರುಗಾಳಿ ಎದ್ದರೆ ಅಲ್ಲಿ ದೋಣಿ ಎಳೆದು, ಗಾಳಿ ತಗ್ಗುವ ತನಕ ಕಾಯಬೇಕು. ಬೇಸಿಗೆಯಲ್ಲಿ ಒಂದು ಹಗಲಿನ ಕೆಲಸ. ಶರತ್ಕಾಲ ಕಾಲಿಟ್ಟರೆ ದಿನಗಳ ಲೆಕ್ಕ ಹೇಳುವವರಿಲ್ಲ.

ಚಳಿಗಾಲದಲ್ಲಿ ಕಡಲು ಹೆಪ್ಪುಗಟ್ಟುತ್ತದೆ. ಹಿಮ ಗಟ್ಟಿಯಾಗಿದ್ದರೆ ಜಾರುಬಂಡಿಯಲ್ಲಿ ಹೋಗಬಹುದು, ಪೂರ್ತಿ ಕರಗಿದ್ದರೆ ದೋಣಿಯಲ್ಲಿ. ರೈತರನ್ನು ಕೊಂದದ್ದು ಇವೆರಡರ ನಡುವಿನ ವಾರಗಳು. ಹಿಮ ಕಾಲಿಗೆ ತಾಳದು, ದೋಣಿಗೆ ದಾರಿ ಬಿಡದು. ಆಗ ಅಡಿಗೆ ಕಬ್ಬಿಣದ ಪಟ್ಟಿ ಹೊಡೆದ ದೋಣಿಯನ್ನು ಎರಡೂ ಪಕ್ಕ ಹಿಡಿದುಕೊಂಡು ಹಿಮದ ಮೇಲೆ ತಳ್ಳುತ್ತ ಓಡುವರು. ಹಿಮ ಬಿರಿದ ಕಡೆ ಒಳಗೆ ಹಾರಿ ಹುಟ್ಟು ಹಾಕುವರು. ಮತ್ತೆ ಹಿಮ ಸಿಕ್ಕಿದರೆ ಎಳೆದು ಮೇಲೆ ಹತ್ತಿಸುವರು. ಕೈತಪ್ಪಿದವರು, ದೋಣಿ ಸಮೇತ ಮುಳುಗಿದವರು, ಹಿಮದ ತುಂಡಿನ ಮೇಲೆ ತೇಲಿಹೋದವರು ತಲೆಮಾರು ತಲೆಮಾರಿಗೂ ಇದ್ದರು. ಎಕೆರೊದ ಕುಟುಂಬಗಳಿಗೆ ಅಂಚೆ ಎಂದರೆ ಯಾವುದೋ ಮನೆಯ ಗಂಡಸರು ಮರಳದೆ ಹೋದ ನೆನಪು. ಸ್ಟಾಕ್‌ಹೋಮ್‌ನ ಅರಮನೆಯಲ್ಲಿ ಒಡೆದ ಕಾಗದದ ಅರಗಿನ ಮುದ್ರೆಯಿಂದ ಈ ಯಾವುದೂ ತಿಳಿಯುವಂತಿರಲಿಲ್ಲ. ಈ ಸಮುದ್ರದ ಚರಿತ್ರೆ ಬರೆಯುವವರು ಅಡ್ಮಿರಲ್‌ಗಳಿಗೆ ಕೊಟ್ಟಷ್ಟೇ ಪುಟಗಳನ್ನು ಈ ರೈತರಿಗೂ ಕೊಡಬೇಕು.

ಅಂಚೆಯ ಬೆನ್ನಿಗೆ ಪ್ರಯಾಣಿಕರೂ ಬಂದರು. ಸಸ್ಯಶಾಸ್ತ್ರಜ್ಞ ಕಾರ್ಲ್ ಲಿನೇಯಸ್ 1732ರಲ್ಲಿ ಲ್ಯಾಪ್‌ಲೆಂಡ್ ಸುತ್ತಿ, ಫಿನ್‌ಲೆಂಡಿನ ಕರಾವಳಿ ಹಿಡಿದು ಇಳಿದು ಉಪ್ಸಾಲಾಕ್ಕೆ ಮರಳಿದ್ದು ತುರ್ಕು ಮತ್ತು ಓಲಂಡ್ ಮೂಲಕ. ಇನ್ನೂ ಸ್ವಾರಸ್ಯದ ಕತೆ ಇಟಲಿಯ ಜುಸೆಪ್ಪೆ ಅಚೆರ್ಬಿಯದು. 1799ರಲ್ಲಿ ಅವನು ಸ್ಟಾಕ್‌ಹೋಮ್‌ನಿಂದ ಯುರೋಪಿನ ತುತ್ತತುದಿಯಾದ ನಾರ್ತ್ ಕೇಪಿಗೆ ಹೊರಟ. ಅದೂ ಚಳಿಗಾಲ ಮುಗಿಯುವ ಮುನ್ನ, ಗ್ರಿಸ್ಲೆಹಾಮ್ನ್‌ನಿಂದ ಜಾರುಬಂಡಿಗಳಲ್ಲಿ, ಹೆಪ್ಪುಗಟ್ಟಿದ ಕಡಲಿನ ಮೇಲೆ. ಕನ್ನಡಿಯಂಥ ಹಿಮದ ಬಯಲನ್ನು ನಿರೀಕ್ಷಿಸಿದ್ದವನಿಗೆ ಎದುರಾದದ್ದು ಅಲೆಗಳು ಒಡೆದೆಬ್ಬಿಸಿ ಹಾಗೇ ಗಟ್ಟಿಯಾಗಿ ನಿಂತ ಹಿಮದ ಗುಡ್ಡೆಗಳ ಕಾಡು. ಬಂಡಿಗಳು ಹೆಜ್ಜೆಗೊಮ್ಮೆ ಮಗುಚಿದವು. ಪ್ರಯಾಣಿಕರು ತೊಟ್ಟ ತೋಳದ ಚರ್ಮದ ನಿಲುವಂಗಿಗೆ ಕುದುರೆಗಳು ಬೆದರಿದವು. ಬಂಡೆ ದ್ವೀಪ ಸಿಗ್ನಿಲ್‌ಶೇರ್ ಮುಟ್ಟಿ ಉಸಿರು ಬಿಟ್ಟು, ಮುಂದೆ ಫಿನ್‌ಲೆಂಡನ್ನು ಉತ್ತರಕ್ಕೆ ಸೀಳಿಕೊಂಡು ಹೋಗಿ, ಆ ಬೇಸಿಗೆಯಲ್ಲಿ ನಾರ್ತ್ ಕೇಪ್ ಕಂಡ. 1802ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವನ ಪ್ರವಾಸ ಕಥನ ಉತ್ತರದ ಕಡೆ ಯುರೋಪಿನ ಕಣ್ಣು ತಿರುಗಿಸಿತು. ಇಂದು ಕಾರವಾನ್ ಎಳೆದುಕೊಂಡು ನಾರ್ತ್ ಕೇಪಿಗೆ ಹೊರಡುವವರ ಸಾಲಿನಲ್ಲಿ ಅಚೆರ್ಬಿ ಬಹಳ ಮುಂದೆ ನಿಲ್ಲುತ್ತಾನೆ.

ಅವನು ದಾಟಿದ ಹತ್ತು ವರ್ಷಕ್ಕೆ ಅದೇ ಹಿಮದ ಮೇಲೆ ಸೈನ್ಯ ನಡೆಯಿತು. 1809ರ ಮಾರ್ಚ್‌ನಲ್ಲಿ ಸ್ವೀಡನ್ನಿನೊಡನೆ ಯುದ್ಧಕ್ಕಿಳಿದಿದ್ದ ರಷ್ಯಾದ ಸೇನಾನಿ ಕುಲ್ನೇವ್ ತನ್ನ ಕುದುರೆ ಸವಾರರೊಂದಿಗೆ ಗ್ರಿಸ್ಲೆಹಾಮ್ನ್‌ನ ದಡ ಹತ್ತಿದ. ಸ್ಟಾಕ್‌ಹೋಮ್ ನಡುಗಿತು. ಆ ದಂಡು ಬೇಗನೆ ಹಿಂದಿರುಗಿದರೂ ಯುದ್ಧದ ಫಲ ಬದಲಾಗಲಿಲ್ಲ. ಸೆಪ್ಟೆಂಬರಿನಲ್ಲಿ ಹಾಮಿನಾ ಊರಿನಲ್ಲಿ ಆದ ಒಪ್ಪಂದದಂತೆ ಫಿನ್‌ಲೆಂಡ್ ರಷ್ಯಾದ ಚಕ್ರವರ್ತಿಯ ಪಾಲಾಯಿತು, ಓಲಂಡ್ ಅದರ ಜೊತೆಗೆ ಹೋಯಿತು. ಒಂದೇ ರಾಜ್ಯದೊಳಗಿನ ಅಂಚೆ ದಾರಿಯ ನಡುವೆ, ರೈತರು ಹುಟ್ಟು ಹಾಕುತ್ತಿದ್ದ ಅದೇ ನೀರಿನಲ್ಲಿ, ಎರಡು ಸಾಮ್ರಾಜ್ಯಗಳ ಗಡಿ ಮೂಡಿತು. ಗಡಿಯಾರದ ಒಂದು ಗಂಟೆಯ ವ್ಯತ್ಯಾಸದ ಬೇರು ಈ ಗಡಿಯಲ್ಲೇ ಇದೆ.

ಎಕೆರೊದಲ್ಲಿ ಇಳಿದವರು ಇಂದಿಗೂ ಮೊದಲು ನೋಡುವುದು ಈ ಗಡಿಯ ಗುರುತನ್ನು. ಮೀನುಗಾರರ ಹಳ್ಳಿಯಲ್ಲಿ ಕಂಬಗಳ ಸಾಲು ನಿಲ್ಲಿಸಿಕೊಂಡ ಭಾರಿ ಕಟ್ಟಡ. ಅಂಚೆ ಮತ್ತು ಸುಂಕದ ಮನೆ. ಕಟ್ಟಿ ಮುಗಿದದ್ದು 1828ರಲ್ಲಿ. ವಿನ್ಯಾಸ ಕಾರ್ಲ್ ಲುಡ್ವಿಗ್ ಎಂಗೆಲ್‌ನದು. ಹೆಲ್ಸಿಂಕಿಯ ಸೆನೆಟ್ ಚೌಕ, ಬಿಳಿ ಕೆಥೆಡ್ರಲ್ ರೂಪಿಸಿದವನೂ ಅವನೇ. ಒಂದು ಹಳ್ಳಿಯ ಅಂಚೆಗೆ ಇಷ್ಟು ದೊಡ್ಡ ಮನೆ ಬೇಕಿರಲಿಲ್ಲ. ಪಶ್ಚಿಮದಿಂದ ಬರುವವರ ಕಣ್ಣಿಗೆ ರಷ್ಯಾ ಸಾಮ್ರಾಜ್ಯದ ಹೆಬ್ಬಾಗಿಲು ಗಂಭೀರವಾಗಿ ಕಾಣಬೇಕಿತ್ತು. ರೈತರ ಪಾಡು ಮಾತ್ರ ಹಾಗೇ ಉಳಿಯಿತು: ಅರಸ ಬದಲಾದ, ಕಂಬಗಳು ಎದ್ದವು, ದೋಣಿ ತೆರೆದೇ ಇತ್ತು.

ಓಲಂಡಿನ ಪೂರ್ವ ಭಾಗದಲ್ಲಿ ರಷ್ಯನ್ನರು ಬೊಮಾರ್ಸುಂದ್ ಎಂಬ ದೊಡ್ಡ ಕೋಟೆ ಕಟ್ಟತೊಡಗಿದ್ದರು. ಅದು ಮುಗಿಯುವ ಮೊದಲೇ, 1854ರಲ್ಲಿ, ಕ್ರಿಮಿಯಾ ಯುದ್ಧದ ಭಾಗವಾಗಿ ಬ್ರಿಟಿಷ್ ಮತ್ತು ಫ್ರೆಂಚ್ ನೌಕಾಪಡೆಗಳು ಬಂದು ನೆಲಸಮ ಮಾಡಿದವು. 1856ರ ಶಾಂತಿ ಒಪ್ಪಂದದಲ್ಲಿ ಓಲಂಡಿನಲ್ಲಿ ಕೋಟೆ ಕಟ್ಟಕೂಡದು, ಸೈನ್ಯ ಇಡಕೂಡದು ಎಂದು ಬರೆದುಕೊಂಡರು. ಅದು ಇಂದಿಗೂ ಜಾರಿಯಲ್ಲಿದೆ. ಕೋಟೆಯ ಕೆಂಪು ಕಲ್ಲಿನ ಅವಶೇಷಗಳ ನಡುವೆಯೇ ಈಗಿನ ರಸ್ತೆ ಹಾದು ಹೋಗುತ್ತದೆ.

ಆವಿ ಹಡಗುಗಳು ಬಂದವು. 1890ರಲ್ಲಿ ಫಿನ್‌ಲೆಂಡಿನ ಮೊದಲ ಹಿಮಭೇದಕ ಹಡಗು ಮುರ್ತಾಯಾ ಕೆಲಸ ಶುರುಮಾಡಿದ ಮೇಲೆ ಚಳಿಗಾಲದಲ್ಲೂ ಹಡಗು ಸಂಚಾರ ಸಾಧ್ಯವಾಗತೊಡಗಿತು. ಹೀಗಿದ್ದರೂ ಎಕೆರೊದ ಅಂಚೆ ದೋಣಿಗಳು 1910ರವರೆಗೂ ನಿಲ್ಲಲಿಲ್ಲ: ಒಟ್ಟು 272 ವರ್ಷ. 1974ರಿಂದ ಈಚೆಗೆ ಪ್ರತಿ ಬೇಸಿಗೆಯಲ್ಲೂ ಎರಡೂ ದಡದ ಜನ ಹಳೆಯ ಮಾದರಿಯ ದೋಣಿಗಳಲ್ಲಿ, ಹಳೆಯ ಉಡುಪು ತೊಟ್ಟು, ಅಂಚೆ ಚೀಲ ಹೊತ್ತು ಈ ಕಡಲನ್ನು ದಾಟುವ ಸ್ಪರ್ಧೆ ನಡೆಸುತ್ತಿದ್ದಾರೆ.

ರಷ್ಯಾದಲ್ಲಿ ಕ್ರಾಂತಿಯಾಗಿ 1917ರಲ್ಲಿ ಫಿನ್‌ಲೆಂಡ್ ಸ್ವತಂತ್ರವಾದಾಗ ಓಲಂಡಿನವರು ಸ್ವೀಡನ್ನಿಗೆ ಸೇರಲು ಬಯಸಿದರು. ತಕರಾರು ರಾಷ್ಟ್ರಸಂಘದ ಮುಂದೆ ಹೋಯಿತು. 1921ರ ತೀರ್ಪು: ನೆಲ ಫಿನ್‌ಲೆಂಡಿನದು, ಭಾಷೆ ಮತ್ತು ಸ್ವಂತ ಆಡಳಿತದ ಹಕ್ಕು ದ್ವೀಪದವರದು. ಈ ಸ್ವಾಯತ್ತತೆ ಮುಂದೆ ಹಡಗುಗಳ ಹಣೆಬರಹವನ್ನೇ ಬರೆಯಲಿತ್ತು.

ಕಾರುಗಳ ಕಾಲ ಬಂದಾಗ ಮೊದಲಿಗೆ ಅವನ್ನು ಕ್ರೇನಿನಿಂದ ಎತ್ತಿ ಹಡಗಿನೊಳಗೆ ಇಳಿಸುತ್ತಿದ್ದರು. ನಿಧಾನ, ದುಬಾರಿ, ಕಾರಿನ ಒಡೆಯನಿಗೆ ಎದೆ ಢವಢವ. ಓಲಂಡಿನ ಕ್ಯಾಪ್ಟನ್ ಗುನ್ನಾರ್ ಎಕ್ಲುಂಡ್, ಇಂಗ್ಲಿಷ್ ಕಾಲುವೆಯಲ್ಲಿ ಓಡಿ ಹಳತಾಗಿದ್ದ, 1924ರಲ್ಲಿ ಕಟ್ಟಿದ ಡಿನಾರ್ಡ್ ಎಂಬ ಆವಿ ಫೆರಿಯನ್ನು ಕೊಂಡು ತಂದ. ಅದಕ್ಕೆ ವೈಕಿಂಗ್ ಎಂದು ಹೊಸ ಹೆಸರಿಟ್ಟು 1959ರ ಬೇಸಿಗೆಯಲ್ಲಿ ಫಿನ್‌ಲೆಂಡಿನ ಗಾಲ್ಟ್‌ಬಿ, ಓಲಂಡಿನ ಮಾರಿಯೆಹಾಮ್ನ್, ಸ್ವೀಡನ್ನಿನ ಗ್ರೆದ್ದೊ ನಡುವೆ ಬಿಟ್ಟ. ಕಾರು ಈಗ ತನ್ನ ಚಕ್ರದ ಮೇಲೇ ಹಡಗು ಹತ್ತಿತು. ಅದೇ ವರ್ಷ ಪೈಪೋಟಿಗೆ ಇನ್ನೊಂದು ಕಂಪನಿ ಇಳಿಯಿತು. ಮುಂದೆ ಒಂದಾಗಿ ಬೆಳೆದ ಈ ಕಂಪನಿಗಳೇ ಇಂದಿನ ಕೆಂಪು ಬಣ್ಣದ ವೈಕಿಂಗ್ ಲೈನ್. ಎದುರಾಳಿ ಕಂಪನಿ ಸಿಲ್ಯಾ 1961ರಲ್ಲಿ ಕಾರುಗಳಿಗೆಂದೇ ಹೊಸದಾಗಿ ಕಟ್ಟಿಸಿದ ಸ್ಕಾಂದಿಯಾ ಹಡಗನ್ನು ತಂದಿತು. ಗ್ರಿಸ್ಲೆಹಾಮ್ನ್ ಮತ್ತು ಎಕೆರೊ ನಡುವೆ, ಅಂಚೆ ದೋಣಿ ನಿಂತು ಅರ್ಧ ಶತಮಾನವಾದ ಮೇಲೆ, ಕಾರು ಫೆರಿ ಶುರುವಾದದ್ದೂ ಅದೇ ಹೊತ್ತಿಗೆ.

ಆ ದಿನಗಳ ಪ್ರಯಾಣಿಕರು ಇನ್ನೊಂದು ಸಂಗತಿಗೂ ಸಿದ್ಧರಿರಬೇಕಿತ್ತು. ಫಿನ್‌ಲೆಂಡಿನಲ್ಲಿ ವಾಹನಗಳು ರಸ್ತೆಯ ಬಲಕ್ಕೆ, ಸ್ವೀಡನ್ನಿನಲ್ಲಿ ಎಡಕ್ಕೆ. ಬಲಬದಿಯಲ್ಲಿ ಹಡಗು ಹತ್ತಿದವರು ಇಳಿಯುವಾಗ ಎಡಬದಿ ಹಿಡಿಯಬೇಕು. 1967ರ ಸೆಪ್ಟೆಂಬರ್ 3ರ ನಸುಕಿನಲ್ಲಿ ಇಡೀ ಸ್ವೀಡನ್ ಬಲಕ್ಕೆ ಸರಿದ ಮೇಲೆ ಆ ಗೊಂದಲ ತಪ್ಪಿತು. ಫೆರಿಗಳಲ್ಲಿ ಹೊರಟವರೆಲ್ಲ ಪ್ರವಾಸಿಗರಾಗಿರಲಿಲ್ಲ. ನಾರ್ಡಿಕ್ ದೇಶಗಳ ನಡುವೆ ಪಾಸ್‌ಪೋರ್ಟ್ ಬೇಡವಾಗಿತ್ತು, ಸ್ವೀಡನ್ನಿನ ಕಾರ್ಖಾನೆಗಳಿಗೆ ಕೈಗಳು ಬೇಕಾಗಿದ್ದವು. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಲಕ್ಷಗಟ್ಟಲೆ ಫಿನ್ನರು ಈ ಹಡಗುಗಳಲ್ಲಿ ಕೆಲಸ ಹುಡುಕಿ ಹೋದರು. ರಜೆಗೆ ಊರಿಗೆ ಮರಳುವಾಗ ಸ್ವೀಡನ್ನಿನಲ್ಲಿ ಕೊಂಡ ಕಾರೂ ಹಡಗಿನಲ್ಲಿರುತ್ತಿತ್ತು.

ಕಾರುಗಳು ಒಂದು ಬಾಯಲ್ಲಿ ಹತ್ತಿ ಇನ್ನೊಂದು ಬಾಯಲ್ಲಿ ಇಳಿಯುವ ಅನುಕೂಲಕ್ಕಾಗಿ ಹಡಗಿನ ಉದ್ದಕ್ಕೂ ಗೋಡೆಯಿಲ್ಲದ ಒಂದೇ ಅಟ್ಟ ಬೇಕು. ಅದೇ ಅದರ ಅಪಾಯ. ಅಗಲ ತಟ್ಟೆಯಲ್ಲಿ ನೀರು ತುಂಬಿ ನಡೆದರೆ ತುಸು ಓಲಿದ್ದೇ ನೀರೆಲ್ಲ ಒಂದು ಬದಿಗೆ ನುಗ್ಗುವಂತೆ, ಕಾರಿನ ಅಟ್ಟಕ್ಕೆ ನೀರು ಹೊಕ್ಕರೆ ಹಡಗು ಬಹಳ ಬೇಗ ಮಗ್ಗುಲಾಗುತ್ತದೆ. 1987ರಲ್ಲಿ ಬೆಲ್ಜಿಯಮ್ಮಿನ ಝೇಬ್ರುಗ್ಗೆ ಬಂದರಿನ ಬಳಿ ಬಾಗಿಲು ಮುಚ್ಚದೆ ಹೊರಟ ಬ್ರಿಟಿಷ್ ಫೆರಿ ಮಗುಚಿ 193 ಜನ ಸತ್ತರು. 1994ರ ಸೆಪ್ಟೆಂಬರ್ 28ರ ನಸುಕಿನಲ್ಲಿ ಟಾಲಿನ್‌ನಿಂದ ಸ್ಟಾಕ್‌ಹೋಮ್‌ಗೆ ಹೊರಟಿದ್ದ ಎಸ್ಟೋನಿಯಾ ಹಡಗಿನ ಮುಂಭಾಗದ ಮುಸುಕು ಬಾಗಿಲನ್ನು ಬಿರುಗಾಳಿಯ ಅಲೆಗಳು ಕಿತ್ತೊಗೆದವು. ಹಡಗಿನಲ್ಲಿದ್ದ 989 ಜನರಲ್ಲಿ 852 ಜನ ಮಡಿದರು. ಶಾಂತಿಕಾಲದಲ್ಲಿ ಬಾಲ್ಟಿಕ್ ಅಂಥ ಸಾವು ಕಂಡಿರಲಿಲ್ಲ. ಬಾಗಿಲುಗಳ ಬೀಗ, ಅಟ್ಟದ ರಚನೆ, ನೀರು ಹೊಕ್ಕ ಮೇಲೂ ಹಡಗು ನಿಲ್ಲುವ ಸಾಮರ್ಥ್ಯ ಇವೆಲ್ಲಕ್ಕೂ ಆಮೇಲೆ ಕಠಿಣ ನಿಯಮಗಳು ಬಂದವು. 1996ರ ಸ್ಟಾಕ್‌ಹೋಮ್ ಒಪ್ಪಂದ ಅವುಗಳಲ್ಲಿ ಮುಖ್ಯ. ಹಡಗು ಹೊರಟ ಮೇಲೆ ಕಾರಿನ ಅಟ್ಟಕ್ಕೆ ಯಾರನ್ನೂ ಬಿಡುವುದಿಲ್ಲ. ರಾತ್ರಿಗೆ ಬೇಕಾದ ಔಷಧಿ, ಬಟ್ಟೆ, ಮಕ್ಕಳ ಹಾಲು ಇವನ್ನು ಮೊದಲೇ ಒಂದು ಚಿಕ್ಕ ಚೀಲದಲ್ಲಿ ಮೇಲಕ್ಕೆ ಒಯ್ಯಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಕಾರಿನ ಅಲಾರಮ್ ಆರಿಸಿಟ್ಟಿರಬೇಕು.

ನಟ್ಟಿರುಳಿನ ಆ ನಿಲುಗಡೆಗೆ ಕಾರಣ 1995ರಲ್ಲಿದೆ. ಸ್ವೀಡನ್, ಫಿನ್‌ಲೆಂಡ್ ಎರಡೂ ಆ ವರ್ಷ ಐರೋಪ್ಯ ಒಕ್ಕೂಟ ಸೇರಿದವು. ಹಡಗುಗಳಲ್ಲಿ ಸುಂಕವಿಲ್ಲದೆ ಮಾರುವ ಮದ್ಯ, ತಂಬಾಕು, ಸುಗಂಧಗಳ ಲಾಭದಿಂದಲೇ ಕಂಪನಿಗಳು ಟಿಕೆಟ್ ದರ ಕೆಳಗಿಟ್ಟಿದ್ದವು. ಒಕ್ಕೂಟದ ದೇಶಗಳ ನಡುವೆ ಆ ಮಾರಾಟ 1999ರ ಜುಲೈ 1ರಂದು ನಿಂತಿತು. ಓಲಂಡಿನವರು ಮಾತ್ರ ತಮ್ಮ ಸ್ವಾಯತ್ತತೆಯ ಬಲದಿಂದ ಒಕ್ಕೂಟದ ತೆರಿಗೆ ವಲಯದ ಹೊರಗೆ ಉಳಿಯುವ ಷರತ್ತನ್ನು ಸೇರುವಾಗಲೇ ಬರೆಸಿಕೊಂಡಿದ್ದರು. ಮಾರಿಯೆಹಾಮ್ನ್‌ಗೋ ಲೊಂಗ್‌ನೆಸ್‌ಗೋ ಹಗ್ಗ ಎಸೆದು ಹೋದ ಹಡಗಿಗೆ ಸುಂಕವಿಲ್ಲದ ಅಂಗಡಿ ತೆರೆಯುವ ಹಕ್ಕು ಉಳಿಯಿತು. ರಾಷ್ಟ್ರಸಂಘದ ತೀರ್ಪು ಈ ಮಾರ್ಗದ ಅಗ್ಗದ ಟಿಕೆಟ್ಟನ್ನು ಹೀಗೆ ಇಂದಿಗೂ ಕಾಯುತ್ತಿದೆ.

ದಕ್ಷಿಣದ ನೀರುಗಳಲ್ಲಿ ಫೆರಿಯ ಜಾಗವನ್ನು ಸೇತುವೆಗಳು ಹಿಡಿದಿವೆ. ಡೆನ್ಮಾರ್ಕಿನ ಗ್ರೇಟ್ ಬೆಲ್ಟ್ ಮೇಲೆ 1998ರಲ್ಲಿ, ಕೋಪನ್‌ಹೇಗನ್ ಮತ್ತು ಸ್ವೀಡನ್ನಿನ ಮಾಲ್ಮೊ ನಡುವೆ 2000ದಲ್ಲಿ ರಸ್ತೆ ತೆರೆಯಿತು. ಜರ್ಮನಿಯ ಪುಟ್‌ಗಾರ್ಡನ್‌ನಿಂದ ಡೆನ್ಮಾರ್ಕಿನ ರೋಡ್‌ಬಿಗೆ 1963ರಿಂದ ಓಡುತ್ತಿರುವ ಮುಕ್ಕಾಲು ಗಂಟೆಯ ಫೆರಿಯ ಕೆಳಗೆ ಈಗ ಸುಮಾರು 18 ಕಿಲೋಮೀಟರ್ ಉದ್ದದ ಸುರಂಗ ಸಿದ್ಧವಾಗುತ್ತಿದೆ. ಓಲಂಡಿನ ಕಡಲಿನ ಮೇಲೆ ಅಂಥದ್ದೇನೂ ಇಲ್ಲ. ಇಲ್ಲಿ ಇನ್ನೂ ಹಡಗೇ ರಸ್ತೆ.

ಹಳೆಯ ಅಂಚೆ ದಾರಿಯನ್ನು ಕಾರಿನಲ್ಲಿ ಇಡಿಯಾಗಿ ಹಿಡಿದು ಹೋಗಲು ಇಂದಿಗೂ ಸಾಧ್ಯವಿದೆ. ದೊಡ್ಡ ಹಡಗಿನ ಕ್ಯಾಬಿನ್ನಿನಲ್ಲಿ ಮಲಗಿ ಏಳುವುದಕ್ಕಿಂತ ಈ ದಾರಿ ಎಷ್ಟೋ ಮೇಲು. ಗ್ರಿಸ್ಲೆಹಾಮ್ನ್‌ನಿಂದ ಫೆರಿಯಲ್ಲಿ ಎಕೆರೊ. ಅಂಚೆ ಮನೆ ನೋಡಿ, ಮಧ್ಯಯುಗದ ಕಾಸ್ಟೆಲ್‌ಹೊಲ್ಮ್ ಕೋಟೆ, ಬೊಮಾರ್ಸುಂದ್ ಅವಶೇಷಗಳನ್ನು ದಾಟಿ ವೋರ್ದೊ ದ್ವೀಪದ ಹುಮ್ಮೆಲ್‌ವಿಕ್ ಧಕ್ಕೆ. ಅಲ್ಲಿಂದ ಊರಿನವರ ಚಿಕ್ಕ ಫೆರಿ ಕುಮ್ಲಿಂಗೆ ಮೂಲಕ ಬ್ರೆಂಡೊ ದ್ವೀಪಗಳ ಟೋರ್ಶ್‌ಹೊಲ್ಮಾಕ್ಕೆ ಒಯ್ಯುತ್ತದೆ. ಬ್ರೆಂಡೊದ ಕಿರುಸೇತುವೆಗಳ ಮೇಲೆ ಓವಾ ತನಕ ಹೋದರೆ ಕೊನೆಯ ಫೆರಿ. ಅದು ಫಿನ್‌ಲೆಂಡಿನ ಕುಸ್ತಾವಿಯಲ್ಲಿ ಇಳಿಸುತ್ತದೆ. ಮುಂದೆ ತುರ್ಕುವಿನ ತನಕ ನೆಲದ ರಸ್ತೆ. ಈ ಚಿಕ್ಕ ಫೆರಿಗಳ ವೇಳೆ ಬೇಸಿಗೆಗೊಂದು, ಚಳಿಗಾಲಕ್ಕೊಂದು. ಕಾರಿಗೆ ಜಾಗ ಮೊದಲೇ ಕಾದಿರಿಸಬೇಕು, ಒಂದು ತಪ್ಪಿದರೆ ಮುಂದಿನದು ಆ ದಿನ ಸಿಗದೆಯೂ ಹೋಗಬಹುದು. ಕುಮ್ಲಿಂಗೆಯಲ್ಲಿ ಒಂದು ರಾತ್ರಿ ತಂಗಿದರೆ ಅಲ್ಲಿನ ಕಲ್ಲಿನ ಚರ್ಚಿನ ಮಧ್ಯಯುಗದ ಭಿತ್ತಿಚಿತ್ರಗಳನ್ನೂ ನೋಡಬಹುದು. ಒಟ್ಟು ಎರಡು ದಿನ ಬೇಕು; ಆ ಎರಡು ದಿನಗಳನ್ನು ಎತ್ತಿಟ್ಟುಕೊಂಡ ಮೇಲೆಯೇ ಉಳಿದ ಊರುಗಳ ಲೆಕ್ಕಕ್ಕೆ ಕೂರಬೇಕು.